ಗುಳಿ ತೋಡಿ ಬರ ದಾಟಿದವರು: ಬುರ್ಕಿನಾ ರೈತರ ‘ಜಾಯ್’ನಿಂದ ನಾವು ಕಲಿಯೋದು ಇದೆಯಾ?

ಬದುವಿನಮೇಲೆ:
ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ ಉತ್ತರಕ್ಕೆ ಯಾತೆಂಗಾ ಅಂತ ಒಂದು ಪ್ರಾಂತ್ಯ. ಎಪ್ಪತ್ತರ ದಶಕದ ಬರ, ಅದರ ಬೆನ್ನಿಗೇ ಎಂಬತ್ತರ ದಶಕದ ಬರ. ನೆಲ ಸುಟ್ಟ ಹೆಂಚಿನ ಹಾಗಾಗಿತ್ತು, ಮಳೆ ಬಿದ್ದರೂ ಒಳಗೆ ಇಳಿಯದೆ ಜಾರಿ ಹೋಗುತ್ತಿತ್ತು. ಜನ ಊರು ಬಿಟ್ಟರು. ಬಿಡದೆ ಉಳಿದವರಲ್ಲಿ ಒಬ್ಬರು ಯಾಕೂಬಾ ಸವಾಡೋಗೊ. ಬೇಸಿಗೆಯಲ್ಲೇ ಗುದ್ದಲಿ ಹಿಡಿದು ಗುಳಿ ತೋಡಿದರು. ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲ, ಗೇಣಿಗಿಂತ ಕಡಿಮೆ ಆಳ. ಪ್ರತಿ ಗುಳಿಗೂ ಹಿಡಿ ಗೊಬ್ಬರ. ಗೊಬ್ಬರದ ವಾಸನೆಗೆ ಗೆದ್ದಲು ಬಂತು, ಗೆದ್ದಲು ತೂತು ಕೊರೆದ ಕಡೆ ನೀರು ಇಂಗಿತು, ಮಳೆ ಹಿಡಿದ ಮೇಲೆ ಜೋಳ, ಸಜ್ಜೆ ಬಂತು. ಇದಕ್ಕೆ ಅಲ್ಲಿ ‘ಜಾಯ್’ ಅಂತಾರೆ. ಮೊದಮೊದಲು ಊರವರು ಅವರನ್ನ ಹುಚ್ಚ ಅಂದಿದ್ದರು. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರ ಡಿಸೆಂಬರಿನಲ್ಲಿ ತೀರಿಕೊಂಡರು.
ನನ್ನ ಪ್ರಶ್ನೆ ಇಷ್ಟೆ: ಲ್ಯಾಬಿಲ್ಲ, ಸಬ್ಸಿಡಿ ಇಲ್ಲ, ರೈತರ ತಿಳಿವಳಿಕೆಯಿಂದಲೇ ಊಟ ಹುಟ್ಟಿತು. ನಮ್ಮ ಒಣಭೂಮಿಯವರು ಇದರಿಂದ ಏನಾದರೂ ತಗೋಬಹುದಾ?

ಅಗ್ರಿ_ಬಿಎಸ್ಸಿ:
“ಲ್ಯಾಬಿಲ್ಲ, ಸಬ್ಸಿಡಿ ಇಲ್ಲ” ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಅದೇ ಸಮಸ್ಯೆ ಸ್ವಾಮಿ! ಸಹಾರಾ ಕೆಳಗಿನ ಆಫ್ರಿಕದಲ್ಲಿ ಧಾನ್ಯದ ಸರಾಸರಿ ಇಳುವರಿ ಹೆಕ್ಟೇರಿಗೆ ಒಂದೂವರೆ ಟನ್ ಆಸುಪಾಸು. ನಮ್ಮದು ಅದರ ಎರಡು ಪಟ್ಟು. ಅವರು ಹಾಕುವ ರಸಗೊಬ್ಬರ ಹೆಕ್ಟೇರಿಗೆ 20 ಕಿಲೊ ಆಸುಪಾಸು, ನಾವು ನೂರು ದಾಟಿ ಬಹಳ ಕಾಲ ಆಯ್ತು. ಮಲಾವಿ 2005ರಲ್ಲಿ ಗೊಬ್ಬರಕ್ಕೆ ಸಬ್ಸಿಡಿ ಕೊಟ್ಟಿತು, ಮರುವರ್ಷದಿಂದ ಮೆಕ್ಕೆಜೋಳ ಮನೆ ತುಂಬಿತು. ಪೂರ್ವಜರ ಜ್ಞಾನ ಅಂತ ಕೂತಿದ್ದರೆ ತುಂಬುತ್ತಿತ್ತಾ?

ತುರುವೇಕೆರೆ ಸುಮಾ:
ಮಲಾವಿ ಕತೆ 2005ಕ್ಕೇ ಮುಗಿಸಿಬಿಟ್ಟಿರಿ. 2006ರಲ್ಲಿ ಆಫ್ರಿಕದಲ್ಲಿ ಹಸಿರು ಕ್ರಾಂತಿ ಮಾಡೋಕೆ ಅಂತ ಆಗ್ರಾ ಅನ್ನೋ ದೊಡ್ಡ ಸಂಸ್ಥೆ ಬಂತು, ಗೇಟ್ಸ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳ ದುಡ್ಡು. 2020ರೊಳಗೆ ಕೋಟ್ಯಂತರ ಸಣ್ಣ ರೈತರ ಇಳುವರಿ, ಆದಾಯ ಎರಡು ಪಟ್ಟು ಮಾಡ್ತೀವಿ ಅಂದರು. 2020 ಬಂದು ಹೋಯಿತು. ಆಯ್ತಾ? ಅದರ ಬಗ್ಗೆ ಒಂದಕ್ಷರ ಇಲ್ಲ.

ಅಗ್ರಿ_ಬಿಎಸ್ಸಿ:
“ಎರಡು ಪಟ್ಟು” ಆಗಲಿಲ್ಲ ಅಂದ ಮಾತ್ರಕ್ಕೆ ಗುಳಿ ತೋಡಿ ಅಂತಾನಾ? ಲೆಕ್ಕ ಹಾಕೋಣ. ಜಾಯ್‌ಗೆ ಹೆಕ್ಟೇರಿಗೆ ಹತ್ತು ಹನ್ನೆರಡು ಸಾವಿರದಿಂದ ಇಪ್ಪತ್ತೈದು ಸಾವಿರ ಗುಳಿ. ಕಡಿಮೆ ಅಂದರೂ 300 ಗಂಟೆ ಕೆಲಸ. ದಿನಕ್ಕೆ 8 ಗಂಟೆ ಅಂದರೆ 38 ಆಳು. ಯಾರು ತೋಡ್ತಾರೆ? ನೀವು ಬರ್ತೀರಾ?

ಗುರೆಳ್ಳು ಧಾರವಾಡ:
ಸರ, 38 ಆಳಿನ ಲೆಕ್ಕ ಬಿಡ್ರಿ, ಅದು ಬ್ಯಾಸಗಿ ಕೆಲಸ, ಆವಾಗ ಮಂದಿ ಖಾಲಿನ ಇರ್ತಾರ. ನಮ್ಮ ಹಾವೇರಿ ಕಡೆ ರೈತರು ಗುಳಿ ರಾಗಿ ಅಂತ ಮಾಡ್ತಾರ, ಕೇಳೀರಿಲ್ಲೋ? ಹೊಲದಾಗ ಅಡ್ಡ ಉದ್ದ ಗೆರಿ ಹೊಡದು, ಗೆರಿ ಕೂಡೂದ್ರಾಗ ಗುಳಿ, ಗುಳಿಗೆ ಗೊಬ್ಬರ, ಎರಡೆರಡು ಸಸಿ. ಆಮ್ಯಾಲೆ ಸಸಿ ಮ್ಯಾಲ ಕೊರಡು ಹೊಡೀತಾರ. ಬಗ್ಗಿದ ಸಸಿ ಮತ್ತ ಎದ್ದು ತೆಂಡಿ ಜಾಸ್ತಿ ಒಡಿತೈತಿ. ಇದನ್ನ ಯಾವ ಬಿಎಸ್ಸಿನೂ ಕಲಿಸಿದ್ದಲ್ಲ.

ಮಂಡ್ಯ ಗೌಡ್ರು:
ಇಗೋ ಬಂತು ನೋಡಿ ಸರಿಯಾದ ಮಾತು. ಗುಳಿ ರಾಗಿ! ನಮ್ ಜನಕ್ಕೆ ಗೊತ್ತಿರೋದ್ನ ಆಫ್ರಿಕದೋರತ್ರ ಓಗಿ ಕಲೀಬೇಕಾ? ಅವರು ರಾಗಿ ಉಣ್ತಾ ಇರೋದೇ ನಮ್ಮಿಂದ ಕಣಣ್ಣೋ. ರಾಗಿ ಪ್ರಪಂಚಕ್ಕೆ ಕೊಟ್ಟೋರು ನಾವು.

ಇತಿಹಾಸಪ್ರಿಯ:
“ರಾಗಿ ಕೊಟ್ಟೋರು ನಾವು” — ತಪ್ಪು. ರಾಗಿ ಆಫ್ರಿಕದ ಬೆಳೆ. ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ನೆಲದಲ್ಲಿ ಅದರ ಕಾಡುಮೂಲ ಇವತ್ತಿಗೂ ತಾನಾಗಿ ಬೆಳೆಯುತ್ತದೆ, ಸಸ್ಯಶಾಸ್ತ್ರದಲ್ಲಿ ಅದರ ಹೆಸರಿನಲ್ಲೇ ಆಫ್ರಿಕಾನಾ ಇದೆ. ಅಲ್ಲಿಂದ ಸಾವಿರಾರು ವರ್ಷ ಹಿಂದೆ ಇಲ್ಲಿಗೆ ಬಂತು.

ಮಂಡ್ಯ ಗೌಡ್ರು:
“ಹೆಸರಿನಲ್ಲೇ ಆಫ್ರಿಕಾನಾ ಇದೆ” ಅಂತೆ. ಅಂಗಾದ್ರೆ ಎಲ್ಯೂಸಿನ್ ಇಂಡಿಕಾ ಅಂತ ಒಂದಿದೆಯಲ್ಲ, ಅದರ ಎಸರಲ್ಲಿ ಏನೈತೆ? ಇಂಡಿಯಾ! ನಮ್ ಒಲದ ಬದೂಲಿ ರಾಗಿ ತರಾನೇ ಬೆಳೀತದೆ. ಈಗ ಏನಂತೀರಿ?

ಇತಿಹಾಸಪ್ರಿಯ:
ಅದು ಕಳೆ ಹುಲ್ಲು, ಆಫ್ರಿಕದಲ್ಲೂ ಎಲ್ಲ ಕಡೆ ಇದೆ. ಇಂಡಿಕಾದಲ್ಲಿ 18 ಕ್ರೋಮೋಸೋಮು, ರಾಗಿಯಲ್ಲಿ 36. ಆಫ್ರಿಕಾನಾದಲ್ಲೂ 36. ರಾಗಿ ಯಾವುದರಿಂದ ಬಂತು, ಗಣಿತ ನೀವೇ ಮಾಡಿಕೊಳ್ಳಿ.

ಮಂಡ್ಯ ಗೌಡ್ರು:
ಗಣಿತ ಬೇಡ ಸಾಮಿ, ಮಣ್ಣು ನೋಡಿ. ಆವೇರಿ ಜಿಲ್ಲೆ ಹಳ್ಳೂರಲ್ಲಿ ತುಂಗಭದ್ರೆ ದಡದಲ್ಲಿ ಅಗೆದಾಗ ಮೂರು ಸಾವಿರ ವರ್ಷದ ರಾಗಿ ಸಿಕ್ತು. ಆಫ್ರಿಕದಲ್ಲಿ ಅಷ್ಟು ಅಳೇದು ಸಿಕ್ಕಿದ್ಯಾ? ತೋರ್ಸಿ.

ಇತಿಹಾಸಪ್ರಿಯ:
ಹಳ್ಳೂರಿನ ಕಾಲಮಾನದ ಬಗ್ಗೆಯೇ ವಿದ್ವಾಂಸರಲ್ಲಿ ಜಗಳ ಇದೆ. ಆ ಕಾಲದ ಕೆಲವು ‘ರಾಗಿ’ ಕಾಳುಗಳು ಆಮೇಲೆ ನೋಡಿದರೆ ಬೇರೆ ಹುಲ್ಲಿನ ಬೀಜ ಅಂತ ಗೊತ್ತಾದದ್ದೂ ಉಂಟು. ಪೂರ್ವ ಆಫ್ರಿಕದಲ್ಲಿ ಅಗೆದಿರುವುದೇ ಕಡಿಮೆ. ಅಗೆಯದ ಕಡೆ ಏನು ಸಿಗುತ್ತದೆ?

ಮಂಡ್ಯ ಗೌಡ್ರು:
“ಅಗೆದಿರುವುದೇ ಕಡಿಮೆ”! ಅಂದ್ರೆ ಸಾಕ್ಷಿ ಇಲ್ಲ ಅಂತ ಒಪ್ಕಂಡ್ರಿ. ಅಲ್ಲಿಗೆ ಮುಗೀತು.

ಬದುವಿನಮೇಲೆ:
ದಯವಿಟ್ಟು, ಜಾಯ್ ಬಗ್ಗೆ ಮಾತಾಡೋಣವೇ. ಬುರ್ಕಿನಾದ ಆ ಭಾಗದಲ್ಲಿ ರಾಗಿ ಬೆಳೆಯೋದೇ ಇಲ್ಲ. ಅಲ್ಲಿನದು ಜೋಳ, ಸಜ್ಜೆ.

ಇತಿಹಾಸಪ್ರಿಯ:
ಜೋಳ, ಸಜ್ಜೆ ಎರಡೂ ಆಫ್ರಿಕದವೇ. ಜೋಳ ಪೂರ್ವ ಸುಡಾನ್ ಕಡೆಯದು, ಸಜ್ಜೆ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೇಲಿನದು.

ಗುರೆಳ್ಳು ಧಾರವಾಡ:
ಏನ್ರಿ?! ಜ್ವಾಳನೂ ನಮ್ಮದಲ್ಲ? ಇಷ್ಟೊತ್ತು ಸುಮ್ನ ಕುಂತು ನಿಮ್ಮ ಪರವಾಗಿ ಓದಾಕತ್ತಿದ್ದೆ. ನಮ್ಮ ಮುತ್ಯಾನ ಮುತ್ಯಾ ಕಟಕ ರೊಟ್ಟಿ ತಿಂದು ಬೆಳದಾನ. ಮಾತಾಡೂದು ನೋಡಿ ಮಾತಾಡ್ರಿ.

ಇತಿಹಾಸಪ್ರಿಯ:
ಮುತ್ಯಾನ ಮುತ್ಯಾ ನೂರೈವತ್ತು ವರ್ಷ. ನಾನು ಹೇಳ್ತಿರೋದು ಸಾವಿರಗಳ ಲೆಕ್ಕ. ಬೇಜಾರು ಮಾಡ್ಕೊಬೇಡಿ, ನೀವು ಇಟ್ಟುಕೊಂಡಿರೋ ಹೆಸರೂ ಆಫ್ರಿಕದ್ದೇ. ಗುರೆಳ್ಳು, ನಮ್ಮ ಕಡೆ ಹುಚ್ಚೆಳ್ಳು, ಇಥಿಯೋಪಿಯಾದ್ದು. ಸಸ್ಯಶಾಸ್ತ್ರದ ಹೆಸರಿನಲ್ಲಿ ಅಬಿಸಿನಿಕಾ ಅಂತಲೇ ಇದೆ. ಅಲಸಂದೆ ಆಫ್ರಿಕದ್ದು. ಹುಣಸೆಮರ ಕೂಡ.

ಗುರೆಳ್ಳು ಧಾರವಾಡ:
ಹುಣಸಿ ಗಿಡನೂ ಬಿಡಲಿಲ್ಲ ಪುಣ್ಯಾತ್ಮ. ಇನ್ನ ನಮ್ಮ ಗಂಗಾಳದಾಗ ಉಳದದ್ದು ನೀರು ಅಷ್ಟ.

ಅಗ್ರಿ_ಬಿಎಸ್ಸಿ:
ನನ್ನ 38 ಆಳಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅನ್ನೋದನ್ನ ಎಲ್ಲರೂ ಗಮನಿಸಿ.

ಮಂಡ್ಯ ಗೌಡ್ರು:
ಕನಕದಾಸರು ರಾಮಧಾನ್ಯ ಚರಿತೆ ಬರೆದ್ರು. ಅದ್ರಲ್ಲಿ ರಾಗಿಗೂ ಭತ್ತಕ್ಕೂ ಜಗಳ, ಶ್ರೀರಾಮನೇ ಎರಡನ್ನೂ ಆರು ತಿಂಗಳು ಸೆರೇಲಿ ಇಡಿಸಿ, ಕೆಡದೇ ಉಳಿದ ರಾಗೀನ ಮೇಲು ಅಂದ. ಆಫ್ರಿಕದ ಬೆಳೆ ಆಗಿದ್ರೆ ರಾಮ ತೀರ್ಪು ಕೊಡ್ತಿದ್ನಾ?

ಇತಿಹಾಸಪ್ರಿಯ:
ಕನಕದಾಸರು 16ನೇ ಶತಮಾನ. ಆ ಹೊತ್ತಿಗೆ ರಾಗಿ ಇಲ್ಲಿಗೆ ಬಂದು ಸಾವಿರಾರು ವರ್ಷ ಆಗಿತ್ತು ಅಂತ ನಾನೇ ಹೇಳ್ತಿದ್ದೀನಲ್ಲ. ಕಾವ್ಯ ತಳಿಶಾಸ್ತ್ರ ಅಲ್ಲ.

ಮಂಡ್ಯ ಗೌಡ್ರು:
ಕನಕದಾಸರಿಗೇ ಎದುರಾಡ್ತೀರಾ? ತಿಳೀತು ನೀವು ಎಂತೋರು ಅಂತ.

ತುರುವೇಕೆರೆ ಸುಮಾ:
ಗೌಡ್ರೇ, ನೀವು ಹೇಳಿದ ಕತೆಯಲ್ಲೇ ಈ ಚರ್ಚೆಗೆ ಬೇಕಾದ್ದು ಇದೆ, ನೀವೇ ನೋಡ್ತಿಲ್ಲ. ಆರು ತಿಂಗಳು ಇಟ್ಟರೂ ಕೆಡಲಿಲ್ಲ ಅನ್ನೋದು. ನಮ್ಮಜ್ಜಿ ಮನೆಯಲ್ಲಿ ಹಗೇವು ಇತ್ತು, ಕಾಳು ತುಂಬಿಡೋ ನೆಲದ ಗುಂಡಿ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದ ದಿನ ಯಾರನ್ನೂ ತಕ್ಷಣ ಒಳಗೆ ಇಳಿಯೋಕೆ ಬಿಡ್ತಿರಲಿಲ್ಲ, ಉಸಿರು ಕಟ್ಟುತ್ತೆ ಅಂತ. ದೀಪ ಇಳಿಬಿಟ್ಟು, ಅದು ಆರಲಿಲ್ಲ ಅಂದರೆ ಆಳು ಇಳೀತಿದ್ದ. ಇಥಿಯೋಪಿಯಾದ ದಕ್ಷಿಣದಲ್ಲಿ ಗುರಾಗೆ, ಸಿಡಾಮಾ ಜನ ಎನ್‌ಸೆಟ್ ಅಂತ ಬಾಳೆ ಜಾತಿಯ ಗಿಡ ಬೆಳೀತಾರೆ. ಹಣ್ಣು ತಿನ್ನೋಕಲ್ಲ, ದಿಂಡು ಗೆಡ್ಡೆ ಹೆರೆದು, ನೆಲದಲ್ಲಿ ಗುಂಡಿ ತೋಡಿ ಎಲೆ ಹಾಸಿ ಹುಳಿ ಬರೋಕೆ ಹೂತಿಡ್ತಾರೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುತ್ತೆ. ಆಮೇಲೆ ತೆಗೆದು ರೊಟ್ಟಿ ಸುಡ್ತಾರೆ, ಕೋಚೊ ಅಂತಾರೆ. ಮಳೆ ಕೈಕೊಟ್ಟ ವರ್ಷ ಗಿಡ ಹೊಲದಲ್ಲೇ ನಿಂತಿರುತ್ತೆ, ಬೇಕಾದಾಗ ಕಡೀಬಹುದು. ಎರಡು ಕೋಟಿ ಜನಕ್ಕೆ ಅದು ಊಟ. ಹೆರೆಯೋದು, ಹೂಳೋದು ಎಲ್ಲ ಹೆಂಗಸರ ಕೆಲಸ.

ಅಗ್ರಿ_ಬಿಎಸ್ಸಿ:
“ಹೆಂಗಸರ ಕೆಲಸ” — ಅದನ್ನೇ ನಾನು ಹೇಳ್ತಿರೋದು. ಸಾಂಪ್ರದಾಯಿಕ ಜ್ಞಾನ ಅಂದರೆ ಕೊನೆಗೆ ಹೆಂಗಸರ ಬೆನ್ನು ಮುರಿಯೋದು. ಅದಲ್ಲದೆ ಎನ್‌ಸೆಟ್‌ಗೆ ಬ್ಯಾಕ್ಟೀರಿಯಾ ಸೊರಗು ರೋಗ ಬಂದು ತೋಟಕ್ಕೆ ತೋಟವೇ ಹೋಗುತ್ತೆ. ಅದಕ್ಕೆ ನಿಮ್ಮ ಅಜ್ಜಿ ಔಷಧಿ ಏನು?

ತುರುವೇಕೆರೆ ಸುಮಾ:
ನನ್ನ ಅಜ್ಜಿ ಇಥಿಯೋಪಿಯಾದವರಲ್ಲ. ಹೆಂಗಸರ ಬೆನ್ನಿನ ಬಗ್ಗೆ ನನಗೆ ಪಾಠ ಹೇಳೋಕೆ ಮುಂಚೆ ಒಂದು ದಿನ ಬಂದು ರಾಗಿ ಕಳೆ ಕೀಳಿ, ಆಮೇಲೆ ಮಾತಾಡೋಣ. ನಮ್ಮೂರಲ್ಲಿ ಹೆಣ್ಣಾಳಿಗೆ 400, ಗಂಡಾಳಿಗೆ 600. ಅದೇ ಸಾಲು, ಅದೇ ಬಿಸಿಲು. ಅದಕ್ಕೆ ಯಾವ ಲ್ಯಾಬಿನಲ್ಲಿ ಔಷಧಿ ಇದೆ?

ಕಂಪಾಲಾ ಕನ್ನಡಿಗ:
ತಡವಾಗಿ ಬಂದೆ. ಉಗಾಂಡದಲ್ಲಿ 9 ವರ್ಷದಿಂದ ಇದ್ದೀನಿ. ಗೌಡ್ರೇ, ಇಲ್ಲಿ ಪಶ್ಚಿಮದ ಅಂಕೋಲೆ ಕಡೆ ರಾಗಿಹಿಟ್ಟನ್ನ ಕುದಿಯೋ ನೀರಿಗೆ ಹಾಕಿ ಕೋಲಲ್ಲಿ ತಿರುವಿ ಗಟ್ಟಿ ಮಾಡ್ತಾರೆ. ಕಾಲೊ ಅಂತಾರೆ. ಕೆಲವು ಮನೇಲಿ ಮರಗೆಣಸಿನ ಹಿಟ್ಟೂ ಬೆರೆಸ್ತಾರೆ. ಮುಚ್ಚಳ ಇರೋ ಸಣ್ಣ ಬುಟ್ಟಿಯಲ್ಲಿ ತಂದಿಡ್ತಾರೆ, ಬೆರಳಲ್ಲಿ ಮುರಿದು ನುಂಗೋದು. ಮೊದಲ ಸಲ ಬುಟ್ಟಿ ತೆಗೆದಾಗ ಹಬೆ ಮುಖಕ್ಕೆ ಬಂತು ನೋಡಿ, ನಮ್ಮವ್ವನ ಅಡುಗೆಮನೆ! ಪೂರ್ವದ ತೇಸೊ ಜನ ಅದೇ ರಾಗಿಯಲ್ಲಿ ಅಜೋನ್ ಅನ್ನೋ ಹೆಂಡ ಮಾಡ್ತಾರೆ. ನಡುವೆ ಒಂದು ಮಡಕೆ, ಸುತ್ತ ಕೂತು ಉದ್ದುದ್ದ ಕೊಳವೆ ಹಾಕಿ ಹೀರೋದು.

ಮಂಡ್ಯ ಗೌಡ್ರು:
“ನಮ್ಮವ್ವನ ಅಡುಗೆಮನೆ” ಅಂದ್ರಲ್ಲ, ಅದೇ ಸಾಕ್ಷಿ. ನಮ್ಮೋರೇ ಯಾರೋ ಓಗಿ ಮುದ್ದೆ ಕಟ್ಟೋದು ಕಲಿಸಿರ್ತಾರೆ.

ಇತಿಹಾಸಪ್ರಿಯ:
ಗೌಡ್ರೇ, ಮಂಡ್ಯದವರಾಗಿ ಇಂಡಾಫ್ ಗೊತ್ತಿರಲೇಬೇಕಲ್ಲ. ನಿಮ್ಮ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲೇ ಹುಟ್ಟಿದ ರಾಗಿ ತಳಿ.

ಮಂಡ್ಯ ಗೌಡ್ರು:
ಗೊತ್ತಿಲ್ದೇ ಏನು! ರಾಗಿ ಲಕ್ಷ್ಮಣಯ್ಯನೋರು. ನಮ್ಮಪ್ಪ ಇಂಡಾಫ್ 8 ಬಿತ್ತಿ ಒಂದು ಎಕರೇಲಿ ಬಂದ ರಾಗಿ ನೋಡಿ ಎಲ್ಲಿ ತುಂಬೋದು ಅಂತ ಅಟ್ಟ ಅತ್ತಿಸಿದ್ರು. ನಮ್ಮೋರ ಜ್ಞಾನ ಅಂದ್ರೆ ಅದು.

ಇತಿಹಾಸಪ್ರಿಯ:
ಇಂಡಾಫ್ ಅಂದರೆ ಏನು?

ಮಂಡ್ಯ ಗೌಡ್ರು:
ತಳಿ ಎಸರು.

ಇತಿಹಾಸಪ್ರಿಯ:
ಇಂಡಿಯಾ ಮತ್ತು ಆಫ್ರಿಕಾ. ಇಂಡ್, ಆಫ್. ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕದ ರಾಗಿ ಕೂಡಿಸಿ ಮಾಡಿದ ತಳಿ. ಆ ದಪ್ಪ ತೆನೆ ಎಲ್ಲಿಂದ ಬಂತು ಅಂದುಕೊಂಡಿದ್ದೀರಿ?

ಗುರೆಳ್ಳು ಧಾರವಾಡ:
ಗೌಡ್ರ ಅಟ್ಟದ ಮ್ಯಾಲಿನ ರಾಗಿನೂ ಹೋತು. ಈಗ ನನಗ ಸ್ವಲ್ಪ ಸಮಾಧಾನ ಆತು ನೋಡ್ರಿ.

ಮಂಡ್ಯ ಗೌಡ್ರು:
ಕೂಡಿಸಿದೋರು ಯಾರು? ಮಂಡ್ಯದೋರು. ಆಫ್ರಿಕದೋರು ಅವರ ರಾಗೀನ ಅವರೇ ಯಾಕೆ ಕೂಡಿಸ್ಕೊಳ್ಳಲಿಲ್ಲ? ಇದುಕ್ಕೆ ಉತ್ರ ಕೊಡಿ.

ಅಗ್ರಿ_ಬಿಎಸ್ಸಿ:
ಗೌಡ್ರು ಈಗ ನನ್ನ ಕಡೆ ಬಂದರು, ಧನ್ಯವಾದ. ಕೂಡಿಸಿದ್ದು ವಿಜ್ಞಾನಿ, ಸಂಶೋಧನಾ ಕೇಂದ್ರದಲ್ಲಿ, ಸರ್ಕಾರದ ದುಡ್ಡಲ್ಲಿ. ಅಜ್ಜನ ಜ್ಞಾನ ಅಲ್ಲ.

ಮಂಡ್ಯ ಗೌಡ್ರು:
ನಾನು ಯಾರ ಕಡೇನೂ ಬಂದಿಲ್ಲ.

ಬದುವಿನಮೇಲೆ:
ಅಗ್ರಿ ಅವರೇ, ಕೂಡಿಸೋಕೆ ತಳಿ ಬೇಕಲ್ಲ. ಬೆಂಕಿ ರೋಗ ತಡೆಯೋ ರಾಗಿ, ದಪ್ಪ ತೆನೆಯ ರಾಗಿ ಅಂತ ತಲೆತಲಾಂತರದಿಂದ ಬೀಜ ಎತ್ತಿಟ್ಟವರು ಯಾರು? ಉಗಾಂಡ, ಇಥಿಯೋಪಿಯಾದ ಆ ಹೆಂಗಸರೇ. ಅವರ ಹೆಸರು ಯಾವ ತಳಿಗೂ ಇಟ್ಟಿಲ್ಲ.

ಅಗ್ರಿ_ಬಿಎಸ್ಸಿ:
“ಯಾವ ತಳಿಗೂ ಇಟ್ಟಿಲ್ಲ” — ತಳಿಗೆ ಸಾಮಾನ್ಯವಾಗಿ ಯಾರ ಹೆಸರೂ ಇಡಲ್ಲ, ನಂಬರ್ ಇಡ್ತಾರೆ. ಜಿಪಿಯು 28 ಅನ್ನೋ ರಾಗಿ ತಳಿ ಯಾರ ಹೆಸರು?
ಇನ್ನು ನಿಮ್ಮ ಮೂಲ ಬರಹಕ್ಕೇ ಬರ್ತೀನಿ. “ರೈತರ ತಿಳಿವಳಿಕೆಯಿಂದಲೇ” ಅಂದಿರಿ. ಯಾತೆಂಗಾದಲ್ಲಿ ಗುಳಿ ಒಂದೇ ಇರಲಿಲ್ಲ. ಇಳಿಜಾರಿಗೆ ಅಡ್ಡ ಕಲ್ಲಿನ ಸಾಲು ಹಾಕಿಸಿದ್ದು ಆಕ್ಸ್‌ಫಾಮ್ ಅನ್ನೋ ಬ್ರಿಟನ್ನಿನ ನೆರವು ಸಂಸ್ಥೆಯ ಯೋಜನೆ, ಎಂಬತ್ತರ ದಶಕದ ಶುರುವಿನಲ್ಲಿ. ಮಟ್ಟ ನೋಡೋಕೆ ಪಾರದರ್ಶಕ ಪೈಪಿಗೆ ನೀರು ತುಂಬಿ ಹಿಡಿಯೋದನ್ನ ರೈತರಿಗೆ ಕಲಿಸಿದ್ದೂ ಅವರೇ. ಇದನ್ನ ಯಾಕೆ ಬಿಟ್ಟಿರಿ?

ಬದುವಿನಮೇಲೆ:
ಕಲ್ಲಿನ ಸಾಲೂ ಅಲ್ಲಿನವರಿಗೆ ಮೊದಲೇ ಗೊತ್ತಿತ್ತು, ಮಟ್ಟ ಹಿಡಿಯೋದು ಮಾತ್ರ ತಪ್ಪುತ್ತಿತ್ತು. ಪೈಪು ಹೊರಗಿನದು, ಹೌದು. ಅದಕ್ಕೂ ಮುಖ್ಯ ಇನ್ನೊಂದು. ಜಾಯ್ ಕೂಡ ಅಜ್ಜನ ಕಾಲದ್ದು ಹಾಗೇ ಉಳಿದದ್ದಲ್ಲ. ಹಿಂದೆ ಚಿಕ್ಕ ಗುಳಿ ತೋಡುತ್ತಿದ್ದರು. ಅಗಲ ಮಾಡಿ ಗೊಬ್ಬರ ಹಾಕಿ ನೋಡಿದವರು ಸವಾಡೋಗೊ. 1984ರಿಂದ ಹೊಲದಲ್ಲೇ ಸಂತೆ ಥರ ಸೇರಿಸಿ, ಊರೂರಿನ ರೈತರು ಬೀಜ ತರೋದು, ತೋರಿಸೋದು, ಕೇಳೋದು. 1989ರಲ್ಲಿ ಪಕ್ಕದ ನೈಜರ್‌ನ ಇಲ್ಲೇಲಾದಿಂದ 13 ರೈತರು ಬಂದು ನೋಡಿ ಹೋದರು, ಅಲ್ಲಿ ‘ತಸ್ಸಾ’ ಅಂತ ಹಬ್ಬಿತು. ಪ್ರಯೋಗ ಅಂದರೆ ಇದೇ ಅಲ್ಲವೇ? ಬಿಳಿ ಕೋಟು ಒಂದು ಇರಲಿಲ್ಲ.

ಅಗ್ರಿ_ಬಿಎಸ್ಸಿ:
“ಗೊಬ್ಬರ ಹಾಕಿ” — ಅಲ್ಲೇ ಸಿಕ್ಕಿಬಿದ್ದಿರಿ. ಗೊಬ್ಬರ ಇಲ್ಲದ ಗುಳಿಯಲ್ಲಿ ಹೆಚ್ಚೇನೂ ಬರಲ್ಲ. ದನ ಇಲ್ಲದವನಿಗೆ ಗೊಬ್ಬರ ಎಲ್ಲಿಂದ? ಕೊನೆಗೆ ನೈಜರ್‌ನಲ್ಲಿ ಒಣಭೂಮಿ ಬೆಳೆಗಳ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಬಾಟಲಿ ಮುಚ್ಚಳದಲ್ಲಿ ಅಳೆದು ಬುಡಬುಡಕ್ಕೆ ರಸಗೊಬ್ಬರ ಹಾಕೋದು ಕಲಿಸಿದರು.

ತುರುವೇಕೆರೆ ಸುಮಾ:
ಬಾಟಲಿ ಮುಚ್ಚಳ ಒಂದಿಷ್ಟು! ಚೀಲಗಟ್ಟಲೆ ಎರಚಿ ಅಂತಿದ್ದವರು ಮುಚ್ಚಳಕ್ಕೆ ಬಂದಿರಿ, ಸಂತೋಷ. ಇಳುವರಿ ಎಷ್ಟು ಅಂತ ಇನ್ನೂ ಯಾರೂ ಹೇಳಲಿಲ್ಲ. ಏನೂ ಬೆಳೆಯದ ಆ ಗಟ್ಟಿ ನೆಲದಲ್ಲಿ ಮಳೆ ಕಡಿಮೆಯಾದ ವರ್ಷವೂ ಹೆಕ್ಟೇರಿಗೆ 300–400 ಕಿಲೊ ಜೋಳ, ಒಳ್ಳೆ ವರ್ಷ 1500ರವರೆಗೆ. ಸೊನ್ನೆಯಿಂದ 300 ಅಂದರೆ ಆ ಮನೆಯವರು ಊರು ಬಿಡಬೇಕಾಗಿಲ್ಲ. ನಿಮ್ಮ ಸರಾಸರಿ ಲೆಕ್ಕದಲ್ಲಿ ಅದು ಕಾಣಲ್ಲ.

ಅಗ್ರಿ_ಬಿಎಸ್ಸಿ:
ಸೊನ್ನೆ ಇದ್ದ ನೆಲಕ್ಕೆ ಸರಿ. ನಮ್ಮ ನೆಲ ಸೊನ್ನೆ ಅಲ್ಲ.

ತುರುವೇಕೆರೆ ಸುಮಾ:
“ಸರಿ” ಅಂದಿರಿ. ಅಷ್ಟು ಸಾಕು.

ಅಗ್ರಿ_ಬಿಎಸ್ಸಿ:
ಪೂರ್ತಿ ವಾಕ್ಯ ಓದಿ ಮೇಡಂ.

ಗುರೆಳ್ಳು ಧಾರವಾಡ:
ಪ್ರಶ್ನೆ ಕೇಳಿದವರಿಗೆ ನಾ ಹೇಳ್ತೀನಿ, ಬ್ಯಾರೆ ಯಾರೂ ಹೇಳೂ ಹಂಗ ಕಾಣೂದಿಲ್ಲ. ಎರಿ ಹೊಲದಾಗ, ಅಂದ್ರ ಕರಿ ಮಣ್ಣಿನ್ಯಾಗ, ಈ ಜಾಯ್ ನಡಿಯೂದಿಲ್ರಿ. ಮಳಿ ಹತ್ತಿತಂದ್ರ ಗುಳ್ಯಾಗ ನೀರು ನಿಂತು ಬೇರು ಕೊಳಿತೈತಿ. ನಾಕು ದಿನ ಬಿಸಲ ಬಿತ್ತಂದ್ರ ಎರಿ ಬಿರಕ ಬಿಟ್ಟು ಗುಳಿನ ಮಾಯ. ಉಸುಕು ನೆಲದಾಗ ತೋಡಿದ್ರ ಗುಳಿ ತಾನ ಕುಸಿತೈತಿ. ಮಸಾರಿ, ಗರಸು, ಬ್ಯಾಸಗ್ಯಾಗ ಕಲ್ಲಿನಂಗ ಆಗೂ ನೆಲ ಇದ್ರ ನೋಡಬೌದು.

ಬದುವಿನಮೇಲೆ:
ಇದು ಬೇಕಿತ್ತು ಅಣ್ಣಾ. ಅಲ್ಲೂ ಹೀಗೇ: ವರ್ಷಕ್ಕೆ 300ರಿಂದ 800 ಮಿಲಿಮೀಟರ್ ಮಳೆ ಇರೋ ಕಡೆ ಮಾತ್ರ ಅಂತಾರೆ, ಹೆಚ್ಚಾದರೆ ಗುಳಿ ನೀರು ಕುಡಿದು ಕೂರುತ್ತೆ. ನಮ್ಮದು ಚಳ್ಳಕೆರೆ ಕಡೆ, ಬಾಂದಿನ ಪಕ್ಕ ಮುಕ್ಕಾಲು ಎಕರೆ ಗರಸು ಬಿದ್ದಿದೆ. ಈ ಬೇಸಿಗೆ ನಾನೂ ನಮ್ಮಣ್ಣನೂ ಸೇರಿ ನೂರು ಗುಳಿ ತೋಡಿ ಸಜ್ಜೆ ಹಾಕ್ತೀವಿ.

ಅಗ್ರಿ_ಬಿಎಸ್ಸಿ:
ನೂರು ಗುಳಿ ಅಂದರೆ ಪ್ರಯೋಗ ಅಲ್ಲ, ಪಕ್ಕದಲ್ಲಿ ಗುಳಿ ಇಲ್ಲದ ತಾಕೂ ಇಟ್ಟುಕೊಳ್ಳಿ. ಇಲ್ಲದಿದ್ದರೆ ಬರೋ ವರ್ಷ ಇಲ್ಲಿ ಬಂದು ಕತೆ ಹೇಳಬೇಡಿ.

ಬದುವಿನಮೇಲೆ:
ಇಡ್ತೀವಿ.

ಮಂಡ್ಯ ಗೌಡ್ರು:
ಕಂಪಾಲಾದೋರೇ, ಒಂದು ಕೇಳ್ತೀನಿ. ರಾಗಿ ನಮ್ದೇ, ಅದರಲ್ಲಿ ಮಾತಿಲ್ಲ. ಆ ಕಾಲೊಗೆ ಸಾರು ಏನು ಆಕ್ತಾರೆ?

ಕಂಪಾಲಾ ಕನ್ನಡಿಗ:
ಸಾಮಾನ್ಯವಾಗಿ ಕಡಲೆಕಾಯಿ ಬೀಜ ಅರೆದು ಕುದಿಸಿದ ಗೊಜ್ಜು ಗೌಡ್ರೇ. ಖಾರ ಕಮ್ಮಿ. ನಾನು ಮನೇಲಿ ಒಂದೆರಡು ಹಸಿಮೆಣಸಿನಕಾಯಿ ಸೇರಿಸ್ತೀನಿ.

ಮಂಡ್ಯ ಗೌಡ್ರು:
ಕಡ್ಲೆಕಾಯಿ ಆದ್ರೂ ನಮ್ದು ಅಂತ ಬಿಡಿ.

ಇತಿಹಾಸಪ್ರಿಯ:
ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿ ಮೆಕ್ಸಿಕೊ ಕಡೆಯದು.